ಕರಿಬಂಡೆ ಮಡುವಿನಲ್ಲಿ ನಿಲ್ಲದ ಹರಿಗೋಲು

ಅಮರಮ್ಮ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಅವಳ ಗಂಡ ತಾಯಣ್ಣ ಮೂವತ್ತು ವರ್ಷ ಒಂದೇ ಉತ್ತರ ಕೊಟ್ಟಿದ್ದ: "ಏನಿಲ್ಲ ಬಿಡ್ರಿ, ಹರಿಗೋಲಿನಾಗ ಸುಮ್ಮನ ಕುಂತಿರ್ತಾಳ."

ಕುಂತಿರುತ್ತಿದ್ದದ್ದು ನಿಜ. ದೇವದುರ್ಗ ತಾಲೂಕಿನ ಕೃಷ್ಣಾ ದಂಡೆಯ ಆ ಊರಿನಲ್ಲಿ ಬೆಳಗಾದರೆ ಗಂಡ ಹೆಂಡತಿ ಇಬ್ಬರೂ ಬುಟ್ಟಿಯಂಥ ಗುಂಡನೆಯ ಹರಿಗೋಲನ್ನು ನೀರಿಗಿಳಿಸಿ ಕರಿಬಂಡೆ ಮಡುವಿಗೆ ಹೋಗುತ್ತಿದ್ದರು. ದೊಡ್ಡ ಮೀನು ಇರುವುದೆಲ್ಲ ಅಲ್ಲೇ. ತಾಯಣ್ಣ ಎದ್ದು ನಿಂತು ಬಲೆ ಬಿಡುವನು. ಅಮರಮ್ಮ ಕುಕ್ಕರಗಾಲಿನಲ್ಲಿ ಕುಳಿತು ಹುಟ್ಟನ್ನು ನೀರೊಳಗೆ ಒಮ್ಮೆ ಇತ್ತ, ಒಮ್ಮೆ ಅತ್ತ, ಸಪ್ಪಳವಾಗದಂತೆ ತಿರುವುತ್ತ ಇರುವಳು. ಹರಿಗೋಲು ಕದಲುತ್ತಿರಲಿಲ್ಲ. ಬಲೆಯ ಮೇಲೆ ಕಣ್ಣಿಟ್ಟ ತಾಯಣ್ಣ ಒಂದು ದಿನವಾದರೂ ಹಿಂದಿರುಗಿ ನೋಡಿದವನಲ್ಲ. ಹೀಗಾಗಿ ಆ ಮಡುವಿನಲ್ಲಿ ನೀರೇ ನಿಂತಿರುತ್ತದೆಂದು ಪುಣ್ಯಾತ್ಮ ನಂಬಿಬಿಟ್ಟಿದ್ದ. ನಂಬಿದ್ದು ಸಾಲದೆಂದು ದೇವದುರ್ಗದ ಸಂತೆಯಲ್ಲೂ ಹೇಳಿಕೊಂಡು ತಿರುಗುತ್ತಿದ್ದ. ಅಮರಮ್ಮ ತಿದ್ದಲು ಹೋಗಲಿಲ್ಲ. ನದಿ ತನಗೇ ಗೊತ್ತು ಎಂದುಕೊಂಡ ಗಂಡಸು ಮನೆಯಲ್ಲಿ ಅಷ್ಟೇನೂ ಕಿರಿಕಿರಿ ಮಾಡುವುದಿಲ್ಲ ಎಂದು ಅವಳು ಕಂಡುಕೊಂಡಿದ್ದಳು.

ಆದರೆ ಮೂವತ್ತು ವರ್ಷದ ಕುಕ್ಕರಗಾಲು ಅವಳ ಮೊಣಕಾಲು ತಿಂದುಹಾಕಿತ್ತು. ರಾಯಚೂರಿನಲ್ಲಿ ಮನೆ ಮಾಡಿಕೊಂಡು ಗಿಲ್ಲೆಸುಗೂರಿನ ಶಾಲೆಗೆ ಟೀಚರಾಗಿ ಹೋಗಿಬರುವ ಮಗಳು ಕಲ್ಯಾಣಿ ಆಪರೇಷನ್ನಿಗೆ ದಿನ ಗೊತ್ತುಮಾಡಿದಳು. ಬರುವ ಸೋಮವಾರ ಆಸ್ಪತ್ರೆ ಸೇರಬೇಕು. ಈಗ ಬಿಟ್ಟರೆ ಮುಂದಿನ ವರ್ಷ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿದ್ದರು. ಆಮೇಲೆ ಮೂರು ತಿಂಗಳು ನದಿಯ ಮುಖ ನೋಡುವ ಹಾಗಿಲ್ಲ.

"ನಾ ಹೋದ್ರ ಹರಿಗೋಲು ಹಿಡಿಯೋರು ಯಾರು?" ಎಂದಳು ಅಮರಮ್ಮ.

"ಹಿಡಿಯೂದೇನದ ಬೇ? ನೀರು ನಿಂತಿರ್ತದ, ಹರಿಗೋಲೂ ನಿಂತಿರ್ತದ," ಎಂದು ತಾಯಣ್ಣ ನಕ್ಕ.

ಮರುದಿನ ಒಬ್ಬನೇ ಹೋದ. ಮಧ್ಯಾಹ್ನ ಬಂದದ್ದು ರಸ್ತೆಯ ಮೇಲೆ, ಟಂಟಂ ಗಾಡಿಯಲ್ಲಿ, ಗಾಡಿಯ ತಲೆಯ ಮೇಲೆ ಹರಿಗೋಲು ಬೋರಲಾಗಿತ್ತು. ಬಲೆ ಬಿಡುವಷ್ಟರಲ್ಲಿ ನದಿ ಅವನನ್ನು ಎರಡು ಊರು ಕೆಳಗೆ, ಬಂಡೆಗಳ ನಡುವೆ ಒಯ್ದು ಬಿಟ್ಟಿತ್ತು.

"ಇವತ್ತು ನೀರಿಗಿ ಏನೋ ಆಗ್ಯದ," ಎಂದ.

ಅಮರಮ್ಮ ಬೋರಲಾದ ಹರಿಗೋಲನ್ನು ತಡವಿ ನೋಡಿದಳು. ಇಂದು ಬದುಕಿ ಬಂದ, ನಾಳೆ ಆ ಬಂಡೆಗಳಿಗೆ ಬಡಿದುಕೊಂಡರೆ? "ಆ ಹರಿಗೋಲು ನಿಂತಿದ್ದು ಕಣ್ಣಿಲಿ ನೋಡೋತನಾ ನಾ ರಾಯಚೂರ ಬಸ್ ಹತ್ತಂಗಿಲ್ಲ," ಎಂದು ಹಟ ಹಿಡಿದಳು. ಉಳಿದದ್ದು ಮೂರೇ ದಿನ.

ಮೊದಲ ದಿನ ತಾಯಣ್ಣ ಅಡಿಗೆಮನೆಯಿಂದ ರುಬ್ಬುವ ಗುಂಡುಕಲ್ಲನ್ನೇ ಎತ್ತಿಕೊಂಡು ಹೋಗಿ ಹಗ್ಗ ಕಟ್ಟಿ ಇಳಿಬಿಟ್ಟ. ಕಲ್ಲು ಬಂಡೆಯ ಮೇಲೆ ಜಾರಿ ಜಾರಿ ಒಂದು ಸಂದಿಯಲ್ಲಿ ಸಿಕ್ಕಿಕೊಂಡಿತು. ಹರಿಗೋಲೇನೋ ನಿಂತಿತು, ಆದರೆ ಒಂದೇ ಹಗ್ಗಕ್ಕೆ ಕಟ್ಟಿದ ಗುಂಡನೆಯ ಹರಿಗೋಲು ನಿಂತಲ್ಲೇ ಬುಗುರಿಯಂತೆ ಆಡತೊಡಗಿತು. ನದಿಗೆ ಬಿಟ್ಟ ಬಲೆ ಅವನ ಮೈಗೇ ಸುತ್ತಿಕೊಂಡಿತು. ಹಗ್ಗ ಕೊಯ್ದು ಬಂದದ್ದಾಯಿತು. ಗುಂಡುಕಲ್ಲು ಕೃಷ್ಣೆಯ ಪಾಲಾಯಿತು, ಅಮರಮ್ಮ ಚಟ್ನಿಗೆ ಪಕ್ಕದ ಮನೆಗೆ ಹೋಗಬೇಕಾಯಿತು.

ಎರಡನೆಯ ದಿನ ಅಮರಮ್ಮನ ತಮ್ಮ ಹುಲಿಗೇಶ ಮಾನ್ವಿ ಕಡೆಯಿಂದ ಬಸ್ಸಿನ ತಲೆಯ ಮೇಲೆ ಬಿದಿರಿನ ಗಳ ಹಾಕಿಸಿಕೊಂಡು ಬಂದ. ಅವನೂ ಮೀನು ಹಿಡಿಯುವವನೇ, ತುಂಗಭದ್ರೆಯಲ್ಲಿ.

"ಮಾವ, ನೀವು ಕೃಷ್ಣಾದವರು ಸುಮ್ಮನ ತಲಿ ಕೆಡಿಸಿಕೋತೀರಿ. ಗಳ ಊರೂದು, ಹರಿಗೋಲು ಕಟ್ಟೂದು, ಬೀಡಿ ಸೇದೂದು. ಮುಗೀತು!"

ತುಂಗಭದ್ರೆಯ ಆ ಭಾಗದಲ್ಲಿ ತಳದಲ್ಲಿ ಮರಳು ಇದೆ, ಗಳ ಇಳಿಯುತ್ತದೆ. ಈ ಮಡುವಿನ ತಳ ಬರೀ ಬಂಡೆ. ಹುಲಿಗೇಶ ಗಳವನ್ನು ಅಪ್ಪಿಕೊಂಡು ಇದ್ದ ಬಲವನ್ನೆಲ್ಲ ಹಾಕಿದ. ಗಳ ಇಳಿಯಲಿಲ್ಲ. ಹರಿಗೋಲು ಮಾತ್ರ ಅವನ ಕಾಲಡಿಯಿಂದ ತಾಯಣ್ಣನನ್ನು ಹೊತ್ತುಕೊಂಡು ನಯವಾಗಿ ಹೊರಟುಹೋಯಿತು. ಒಂದು ಗಳಿಗೆ ಗಳಕ್ಕೆ ಜೋತುಕೊಂಡಿದ್ದ ಹುಲಿಗೇಶ ಆಮೇಲೆ ಗಳದ ಸಮೇತ ಮುಳುಗಿದ. ಈಜಿ ದಂಡೆಗೆ ಬಂದವನು, "ಅಕ್ಕಾ, ನಿಮ್ಮ ನದಿನೇ ಸರಿ ಇಲ್ಲ," ಎಂದು ಒದ್ದೆ ಲುಂಗಿಯಲ್ಲೇ ಮಾನ್ವಿ ಬಸ್ಸು ಹಿಡಿದ.

ಮೂರನೆಯ ದಿನ ಭಾನುವಾರ ಅಮರಮ್ಮನೇ ಬಾಯಿಬಿಟ್ಟಳು. ಎರಡು ಯೂರಿಯಾ ಚೀಲಗಳಿಗೆ ಮರಳು ತುಂಬಿಸಿದಳು. ಎರಡಕ್ಕೂ ಬೇರೆ ಬೇರೆ ಹಗ್ಗ, ಹರಿಗೋಲಿನ ಅಂಚಿಗೆ ಒಂದು ಮಾರು ಅಂತರದಲ್ಲಿ ಗಂಟು, ನೀರು ಬರುವ ದಿಕ್ಕಿಗೆ. ಜಾರಲಿಲ್ಲ, ತಿರುಗಲಿಲ್ಲ! ತಾಯಣ್ಣ ನಡುಮಡುವಿನಲ್ಲಿ ಟವೆಲ್ ಬೀಸಿ ಕುಣಿದ. ಅರ್ಧ ತಾಸಿಗೆ ಹಳೇ ಚೀಲಗಳ ಹೊಲಿಗೆ ಬಿಚ್ಚಿ ಮರಳೆಲ್ಲ ನೀರುಪಾಲಾಯಿತು. ಅಂದೂ ಅವನು ಟಂಟಂ ಗಾಡಿಯಲ್ಲೇ ಬಂದ. ಡ್ರೈವರ್ ಈಗ ಅವನನ್ನು ಕಾಯುತ್ತ ನಿಲ್ಲುವಷ್ಟು ರೂಢಿಯಾಗಿತ್ತು.

"ಕಲ್ಯಾಣಿಗಿ ಫೋನ್ ಹಚ್ಚು. ಬರಾಂಗಿಲ್ಲ ಅಂತ ಹೇಳಿಬಿಡು," ಎಂದಳು ಅಮರಮ್ಮ.

ತಾಯಣ್ಣ ಫೋನು ಹಚ್ಚಲಿಲ್ಲ. ಸಂಜೆ ಎಣ್ಣೆ ಬಟ್ಟಲು ತಂದು ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡ. ಕಾಲು ಪೂರ್ತಿ ಚಾಚಲಿಲ್ಲ. ತಿಕ್ಕಿದರೆ ಮೊಣಕಾಲು ಕಟಕಟ ಎನ್ನುತ್ತಿತ್ತು.

"ಮೂವತ್ತು ವರ್ಷ ನೀರು ನಿಂತಿರಲಿಲ್ಲೇನ ಬೇ?"

"ಇಲ್ಲ."

"ಒಂದ್ ಮಾತರ ಹೇಳಬೇಕಿಲ್ಲ?"

"ನೀ ಕೇಳಿದ್ದರ ಹೇಳ್ತಿದ್ದೆ."

ಅವನಿಗೆ ನಾಚಿಕೆಯಾಯಿತು. ಅದು ಅವಳಿಗೂ ಕಾಣಿಸಿತು, ಕಂಡು ಅವಳಿಗೇ ಸಂಕಟವಾಯಿತು.

ಸೋಮವಾರ ಬೆಳಿಗ್ಗೆ ಕಲ್ಯಾಣಿ ತಾಯಿಯನ್ನು ಕರೆದೊಯ್ಯಲು ಬಂದಾಗ ತಾಯಣ್ಣ ಮನೆಯಲ್ಲಿರಲಿಲ್ಲ. ನದಿಯ ಕಡೆಯಿಂದ ಅವನ ಕೂಗು ಕೇಳಿಸಿತು. ಅಮರಮ್ಮ ಮಗಳ ಭುಜ ಹಿಡಿದು ಕುಂಟುತ್ತ ದಂಡೆಗೆ ಬಂದಳು.

ಹರಿಗೋಲು ದೂರದಲ್ಲಿ, ಕರಿಬಂಡೆಯ ಆಚೆ ನಿಂತಿತ್ತು. ಅಳ್ಳಾಡುತ್ತಿರಲಿಲ್ಲ. ತಾಯಣ್ಣ ಅದರೊಳಗೆ ಎರಡೂ ಕೈ ಅಗಲಿಸಿ ನಿಂತಿದ್ದ. "ನಿಂತದ ನೋಡು! ಹೊಸಾ ಉಪಾಯ! ಇನ್ನ ನೀ ಬೇಫಿಕರ ಹೋಗು!"

ಕಲ್ಯಾಣಿ ಚಪ್ಪಾಳೆ ತಟ್ಟಿದಳು. ಅಷ್ಟರಲ್ಲಿ ಒಂದು ಬೆಳ್ಳಕ್ಕಿ ಹಾರಿ ಬಂದು ಹರಿಗೋಲಿನ ಪಕ್ಕಕ್ಕೇ, ಒಂದು ಮಾರು ದೂರದಲ್ಲಿ, ನೀರಿನಲ್ಲಿ ಇಳಿದು ನಿಂತಿತು. ಅರ್ಧ ಕಾಲು ನೀರಲ್ಲಿ, ಅರ್ಧ ಹೊರಗೆ. ತಾಯಣ್ಣ ಹುಟ್ಟು ಬೀಸಿ ಹುಶ್ ಹುಶ್ ಎಂದ. ಅದು ನಾಲ್ಕು ಹೆಜ್ಜೆ ಆರಾಮಾಗಿ ನಡೆದು ಮತ್ತೆ ನಿಂತಿತು.

"ಯವ್ವಾ, ಆ ಹಕ್ಕಿ ಮಡುವಿನಾಗ ಹೆಂಗ ನಡ್ಯಾಕತ್ತ..."

"ಸುಮ್ಕಿರವ್ವ," ಎಂದಳು ಅಮರಮ್ಮ.

ನೀರೊಳಗಿನ ಆ ಮರಳುದಿಬ್ಬ ಅವಳಿಗೆ ಗೊತ್ತಿಲ್ಲದ್ದೇ? ಅಲ್ಲಿ ಗೇಣು ನೀರು. ಹರಿಗೋಲು ಮರಳಿನ ಮೇಲೆ ಕುಳಿತಿತ್ತು. ಕಪ್ಪೆಮರಿ ಬಿಟ್ಟರೆ ಬಲೆಗೆ ಬೀಳುವುದು ಏನೂ ಇಲ್ಲ. ಅವಳಿಗೆ ಮೊದಲು ನಗು ಬಂತು, ಹೊಟ್ಟೆ ಹಿಡಿದುಕೊಳ್ಳುವಷ್ಟು. ನಗುನಗುತ್ತಲೇ ಕಣ್ಣು ತುಂಬಿದವು. ಸಂತೆಯ ತುಂಬ ತನ್ನ ಮಡುವಿನ ಬಡಾಯಿ ಹೊಡೆದವನು ಅವಳ ಮೊಣಕಾಲಿಗಾಗಿ ಊರೆದುರು ಗೇಣು ನೀರಿನಲ್ಲಿ ನಿಂತಿದ್ದ.

ಅವಳು ಎರಡೂ ಕೈ ಬಾಯಿಗಿಟ್ಟುಕೊಂಡು ಕೂಗಿದಳು. "ಭಾಳ ಚಂದ ನಿಂತದ! ನಾ ಹೊಂಟೆ! ನಾ ಬರೋತನಾ ದಿನಾ ಅಲ್ಲೇ ನಿಲ್ಲಿಸು! ಮತ್ತೆಲ್ಲೂ ಹೋಗಬ್ಯಾಡ!"

ತಾಯಣ್ಣ ಕೈ ಇಳಿಸಿದ. ಒಮ್ಮೆ ಬೆಳ್ಳಕ್ಕಿಯನ್ನು ನೋಡಿದ.

"ಮೂರು ತಿಂಗಳ? ಇಲ್ಲೇನಾ?"

"ಅಲ್ಲೇ!"

"ಆಯ್ತು ಬಿಡು," ಎಂದು ಕೂಗಿ ಅವನು ಹರಿಗೋಲಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತುಕೊಂಡ.

"ನಡಿ ಕಲ್ಯಾಣಿ," ಎಂದಳು ಅಮರಮ್ಮ, "ಬಸ್ ತಪ್ಪೀತು."