ಅವ್ವನ ಜೊತೆ ಯಳಂದೂರಿಗೆ ರೇಸು

ನಮ್ಮ ಮುಳ್ಳೂರಿನಲ್ಲಿ ಆಗ ಸೈಕಲ್ ಇದ್ದ ಮನೆಗಳು ಕಡಿಮೆ. ಹೊರಗಿನವರು ಯಾರಾದರೂ ಬಂದು ಅಪ್ಪನ ಹೆಸರು ಹೇಳಿ ವಿಚಾರಿಸಿದರೆ, "ಅಗಾ, ಜಗ್ಲಿ ಪಕ್ಕ ಸೈಕಲ್ ನಿಂತದಲ್ಲ, ಅದೇ ಮನ" ಎಂದು ಕೈ ತೋರಿಸುತ್ತಿದ್ದರು. ಆ ಸೈಕಲ್ಲು ಎತ್ತಿನ ಹಾಗೆ ದುಡಿಯುತ್ತಿತ್ತು. ಬೆಳಿಗ್ಗೆ ಡೈರಿಗೆ ಹಾಲು, ಆಮೇಲೆ ತೋಟದಿಂದ ರೇಷ್ಮೆ ಸೊಪ್ಪು, ಸಂಜೆ ಕೊಳ್ಳೇಗಾಲದಿಂದ ಹಿಂಡಿ ಮೂಟೆ. ಆಯುಧಪೂಜೆಯ ದಿನ ಮನೆಯಲ್ಲಿ ಮೊದಲ ಹೂವು ಬೀಳುತ್ತಿದ್ದುದೂ ಅದಕ್ಕೇ. ನಾನು ಒಳಪೆಡಲು ತುಳಿಯುತ್ತ, ಅಡ್ಡಕಂಬಿಯ ಕೆಳಗೆ ಕಾಲು ತೂರಿಸಿ, ಮೊಣಕಾಲೆಲ್ಲ ಗಾಯ ಮಾಡಿಕೊಂಡು ಅದನ್ನು ಪಳಗಿಸಿದ್ದೆ. ಸೀಟಿನ ಮೇಲೆ ಕೂತು ತುಳಿಯುವಷ್ಟು ಉದ್ದವಾಗುವ ಹೊತ್ತಿಗೆ ಏಳನೇ ತರಗತಿಗೆ ಬಂದಿದ್ದೆ.

ಏಳನೇ ತರಗತಿ ಎಂದರೆ ನಮ್ಮೂರ ಹೆಣ್ಣುಮಕ್ಕಳಿಗೆ ಓದು ಮುಗಿಯುವ ಹೊತ್ತು. ಹೈಸ್ಕೂಲಿಗೆ ಕೊಳ್ಳೇಗಾಲಕ್ಕೇ ಹೋಗಬೇಕು. ಬೆಳಗಿನ ಬಸ್ಸು ನಮ್ಮೂರಿಗೆ ಬರುವಷ್ಟರಲ್ಲಿ ಫುಟ್‌ಬೋರ್ಡಿನ ಮೇಲೂ ಜನ ಜೋತಾಡುತ್ತಿದ್ದರು. ಎಷ್ಟೋ ದಿನ ನಿಲ್ಲಿಸದೆ ಹೋಗಿಬಿಡುತ್ತಿತ್ತು. ಅಪ್ಪನಿಗೆ ಓದಿಸಬಾರದೆಂಬ ಹಟವೇನೂ ಇರಲಿಲ್ಲ. "ಇನ್ನೊಂದ್ ಸೈಕಲ್ ಇದ್ದಿದ್ರ ಕಳಿಸ್ಬೋದಿತ್ತು ಕನವ್ವ. ಇರದೊಂದು. ಸೊಪ್ಪು ತರದ ಯಾರು?" ಎಂದು ನನ್ನನ್ನೇ ಕೇಳುತ್ತಿದ್ದ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪ ಕಾಲುವೆ ಏರಿಯ ಮೇಲೆ ಜಾರಿ ಕಾಲು ಉಳುಕಿಸಿಕೊಂಡ. ಪಾದ ಬೂದುಗುಂಬಳದ ಹಾಗೆ ಊದಿಕೊಂಡಿತು. ನಾಟಿ ವೈದ್ಯರು ಸೊಪ್ಪು ಅರೆದು ಪಟ್ಟು ಕಟ್ಟಿ, ಎದ್ದು ಓಡಾಡಬೇಡ ಎಂದರು. ಹುಳ ಆಗತಾನೇ ನಾಲ್ಕನೇ ಜ್ವರ ಎದ್ದಿತ್ತು. ರೇಷ್ಮೆಹುಳ ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತೇವೆ. ನಾಲ್ಕನೆಯದು ಎದ್ದಮೇಲೆ ಅದರ ಹಸಿವಿಗೆ ಹಗಲು ರಾತ್ರಿ ಎಂಬುದಿಲ್ಲ. ಮನೆ ತುಂಬ ಹಸಿಸೊಪ್ಪಿನ, ಹಿಕ್ಕೆಯ ವಾಸನೆ. ತಟ್ಟೆಯ ಮೇಲೆ ಸೊಪ್ಪು ಹರಡಿದ ಕೂಡಲೇ ಸರಸರ ಸದ್ದು. ತೋಟ ದೂರ. ಅವ್ವ ಎರಡು ದಿನ ತಲೆಹೊರೆಯಲ್ಲಿ ತಂದಳು. ಮೂರನೆಯ ದಿನ ಹೊರೆ ಇಳಿಸಿ, ಕತ್ತು ನೀವಿಕೊಳ್ಳುತ್ತ ನನ್ನನ್ನು ಕರೆದಳು.

"ಮಗಾ, ನಂಗ ಸೈಕಲ್ ಕಲ್ಸು."

ನಾನು ನಕ್ಕೆ. ಅವಳು ನಗಲಿಲ್ಲ.

ಊರಾಚೆಯ ಕಣದಲ್ಲಿ ಕಲಿಸಿದೆ. ಸೀರೆಯನ್ನು ನಾಟಿ ಹಾಕುವಾಗಿನಂತೆ ಎತ್ತಿಕಟ್ಟಿ, ಸೆರಗನ್ನು ಸೊಂಟಕ್ಕೆ ಬಿಗಿದು ಹತ್ತುತ್ತಿದ್ದಳು. ನಾನು ಕ್ಯಾರಿಯರ್ ಹಿಡಿದು ಹಿಂದೆ ಓಡುತ್ತಿದ್ದೆ. ಹುಲ್ಲಿನ ಮೆದೆಗೆ ಹೋಗಿ ಗುದ್ದಿದಳು, ಬೇಲಿಗೆ ನುಗ್ಗಿದಳು. ದನ ಹೊಡೆದುಕೊಂಡು ಹೋಗುತ್ತಿದ್ದ ಪಕ್ಕದ ಮನೆಯ ಅಜ್ಜಿ ನಿಂತು ನೋಡಿ, "ಲೇ ಸಾಕಿ, ಗಂಡ್ಸಾಗೋಗ್ಬುಟ್ಯೇನೇ?" ಎಂದು ಕೂಗಿದಳು. ಅವ್ವ ಬಿದ್ದಲ್ಲಿಂದಲೇ, "ಉಳ ಉಪಾಸ ಸತ್ರ ನೀನ್ ಗೂಡ್ ಕಟ್ಟೀಯಜ್ಜಿ?" ಎಂದಳು. ವಾರ ತುಂಬುವಷ್ಟರಲ್ಲಿ ಕ್ಯಾರಿಯರಿನ ಮೇಲೆ ಸೊಪ್ಪಿನ ಹೊರೆ ಬಿಗಿದು ಮನೆಯ ಮುಂದೆ ಬಂದು ಇಳಿದಳು. ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ ಅಪ್ಪ ಹೊರೆಯ ಕಡೆ ನೋಡಿದ. ಅವತ್ತಿನಿಂದ ಸೈಕಲ್ಲಿಗೆ ಗಾಳಿ ಇದೆಯೋ ಇಲ್ಲವೋ ಎಂದು ಕೂತಲ್ಲಿಂದಲೇ ಚಕ್ರ ಒತ್ತಿ ನೋಡುತ್ತಿದ್ದ.

ಗೂಡು ಮಾರಿ ಬಂದ ಮೇಲಿನ ಒಂದು ದಿನ ಮೈಕು ಕಟ್ಟಿಕೊಂಡ ಆಟೋ ಊರೊಳಕ್ಕೆ ಬಂತು. ಕೊಳ್ಳೇಗಾಲದ ಒಂದು ಯುವಕರ ಸಂಘದವರು ರಾಜ್ಯೋತ್ಸವಕ್ಕೆಂದು ಮಹಿಳೆಯರ ಸೈಕಲ್ ಸ್ಪರ್ಧೆ ಇಟ್ಟಿದ್ದರು. ಕೊಳ್ಳೇಗಾಲದಿಂದ ಯಳಂದೂರಿಗೆ. ಮೊದಲ ಬಹುಮಾನ ಹೊಚ್ಚ ಹೊಸ ಲೇಡೀಸ್ ಸೈಕಲ್.

ನಾನು ಆಟೋದ ಹಿಂದೆ ಊರ ಕೊನೆಯವರೆಗೂ ಓಡಿ, ಹೇಳಿದ್ದನ್ನು ಇನ್ನೊಂದು ಸಲ ಕೇಳಿಸಿಕೊಂಡು ಬಂದೆ. ಅಪ್ಪನ ಪ್ರಶ್ನೆಗೆ ಕೊನೆಗೂ ಉತ್ತರ ಸಿಕ್ಕಿತ್ತು.

ಅಂದಿನಿಂದ ಡೈರಿಗೆ ಹಾಲು ಒಯ್ಯುವ ಕೆಲಸ ನಾನೇ ವಹಿಸಿಕೊಂಡೆ. ಹಾಲು ಹಾಕಿ ನೇರ ಮನೆಗೆ ಬರದೆ, ಹೊಳೆಯ ಕಡೆಯ ದಾರಿಯಲ್ಲಿ ಹೋಗಿ, ಖಾಲಿ ಕ್ಯಾನು ಗಡಗಡ ಸದ್ದು ಮಾಡುತ್ತಿರಲು ಏದುಸಿರು ಬಿಟ್ಟುಕೊಂಡು ತಿರುಗಿ ಬರುತ್ತಿದ್ದೆ. ಗೆಳತಿಯರು ಕುಂಟೆಬಿಲ್ಲೆಗೆ ಕರೆದರೆ ಹೋಗುತ್ತಿರಲಿಲ್ಲ. ಮೀನಖಂಡ ಕಲ್ಲಿನಂತಾಗಿರುತ್ತಿತ್ತು. ಅವ್ವ ಹರಳೆಣ್ಣೆ ಬಿಸಿ ಮಾಡಿ ತಿಕ್ಕುತ್ತ, "ಗೆದ್ದೀಯಾ?" ಎನ್ನುತ್ತಿದ್ದಳು. "ಗೆಲ್ತೀನಿ ಕನವ್ವ" ಎಂದರೆ ಇನ್ನೂ ಜೋರಾಗಿ ತಿಕ್ಕುತ್ತಿದ್ದಳು.

ಸ್ಪರ್ಧೆಯ ದಿನ ತಂಗಳು ಮುದ್ದೆಗೆ ಮಜ್ಜಿಗೆ ಹಿಚುಕಿ ಕುಡಿಸಿ, ಅವ್ವ ನನ್ನ ಜೊತೆ ತಾನೂ ಹೊರಟಳು. ನಾನು ತುಳಿದೆ, ಅವಳು ಹಿಂದೆ ಕೂತಳು. ನಾನು ಹೆಚ್ಚು ದಣಿಯಬಾರದೆಂದು ಏರಿನಲ್ಲೆಲ್ಲ ಇಳಿದು ನಡೆದಳು.

ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಹತ್ತಿರ ಹಳದಿ ಕೆಂಪು ಬಂಟಿಂಗ್ಸು ಕಟ್ಟಿ, ಟೇಬಲ್ ಹಾಕಿಕೊಂಡು ಸಂಘದವರು ಕೂತಿದ್ದರು. ಬಹುಮಾನದ ಸೈಕಲ್ಲು ಪಕ್ಕದಲ್ಲೇ ನಿಂತಿತ್ತು, ಸೀಟಿನ ಪ್ಲಾಸ್ಟಿಕ್ಕನ್ನೂ ಬಿಚ್ಚಿರಲಿಲ್ಲ. ನೋಡುವ ಜನ ರಸ್ತೆಯ ಎರಡೂ ಕಡೆ ತುಂಬಿದ್ದರು. ಸ್ಪರ್ಧೆಗೆ ಬಂದವರು ಮಾತ್ರ ನಾಲ್ಕೇ ಜನ. ಯಳಂದೂರಿನ ಕಾಲೇಜು ಹುಡುಗಿ ಪ್ರಮೀಳ, ಕ್ಯಾನ್ವಾಸ್ ಶೂ ಹಾಕಿದ್ದಳು. ಹನೂರಿನಿಂದ ಬಸ್ಸಿನ ಮೇಲೆ ಸೈಕಲ್ ಹೇರಿಕೊಂಡು ಬಂದ ಬಾಲವಾಡಿ ಟೀಚರ್ ಒಬ್ಬರು. ಕೊಳ್ಳೇಗಾಲದ ಒಂದು ಹುಡುಗಿ. ಮತ್ತೆ ನಾನು.

ಸೀಟಿ ಕತ್ತಿಗೆ ನೇತುಹಾಕಿಕೊಂಡಿದ್ದ ಡ್ರಿಲ್ ಮೇಷ್ಟ್ರು ಗಡಿಯಾರ ನೋಡಿ ನೋಡಿ ಎದ್ದರು. "ಐದ್ ಜನಾನಾರಾ ಇಲ್ದಿದ್ರೆ ರೇಸ್ ನಡೆಸೋದಿಲ್ಲ ಅಂತ ಮೊದ್ಲೇ ತೀರ್ಮಾನ ಆಗಿದೆ. ಕ್ಯಾನ್ಸಲ್ ಮಾಡ್ಬಿಡೋಣ."

ನನ್ನ ಕಣ್ಣಲ್ಲಿ ನೀರು ತುಂಬಿಕೊಂಡಿತು. ಆಗ ಹಿಂದಿನಿಂದ ಅವ್ವನ ದನಿ ಕೇಳಿತು.

"ಸಾ, ಐದ್ನೇವ್ಳು ನಾನಾಯ್ತೀನಿ. ಬರ್ಕಳಿ."

ಜನ ತಿರುಗಿ ನೋಡಿದರು. ಮೇಷ್ಟ್ರು ಅವಳ ಬರಿಗಾಲು, ಮಾಸಿದ ನೀಲಿ ಸೀರೆ ನೋಡಿದರು. "ನೀವಾ? ಸೈಕಲ್ ಬರುತ್ತೇನಮ್ಮಾ?"

"ಬತ್ತದ ಸಾ. ಒರ ಸೊಪ್ಪ ಯೇರ್ಕಂಡ್ ಬತ್ತೀನಿ."

"ಇದು ಹುಡ್ಗೀರ ರೇಸಮ್ಮ."

"ಮೈಕಲ್ಲಿ ಮಹಿಳೇರು ಅಂತ ಕೂಗುದ್ರಲ್ಲ ಸಾ. ನಾನೇನ್ ಗಂಡ್ಸಾ?"

ಜನ ಹೋ ಎಂದು ನಕ್ಕರು. ಮೇಷ್ಟ್ರೂ ನಕ್ಕು ಹೆಸರು ಬರೆದುಕೊಂಡರು. ಇನ್ನೊಂದು ಸೈಕಲ್ ಬೇಕಲ್ಲ. ಸಂಘದವನೊಬ್ಬ ಹತ್ತಿರದ ಅಂಗಡಿಯಿಂದ ಬಾಡಿಗೆಯ ಲೇಡೀಸ್ ಸೈಕಲ್ ತಂದುಕೊಟ್ಟ. ಅವ್ವ ಅದರ ಹಗುರ ನೋಡಿ, "ಇದ ನೀ ತಕ. ನಂಗ ನಮ್ದೇ ಅಭ್ಯಾಸ" ಎಂದು ನಮ್ಮ ಭಾರದ ಸೈಕಲ್ಲನ್ನು ತಾನು ಹಿಡಿದುಕೊಂಡಳು. ನನ್ನ ಕಿವಿಯಲ್ಲಿ, "ನಾನ್ ಲೆಕ್ಕಕ್ಕಷ್ಟೆ. ನೀ ಇಂದುಕ್ ನೋಡ್ಬ್ಯಾಡ" ಎಂದಳು.

ಸೀಟಿ ಊದಿದ ಕೂಡಲೇ ಪ್ರಮೀಳ ಬಾಣದ ಹಾಗೆ ಹೋದಳು. ನಾನು ಅವಳ ಹಿಂದೆ ಬಿದ್ದೆ. ಊರು ದಾಟುವವರೆಗೂ ಹುಡುಗರ ಕೇಕೆ, ಶಿಳ್ಳೆ. ಆಮೇಲೆ ಎರಡೂ ಕಡೆ ಕಬ್ಬು, ಭತ್ತ, ರಸ್ತೆಯ ಮೇಲೆ ಹುಣಸೆಮರಗಳ ನೆರಳು. ಯಾವುದೋ ಆಲೆಮನೆಯಿಂದ ಬೆಲ್ಲ ಕಾಯುವ ವಾಸನೆ ಬಂದು ಹೊಟ್ಟೆ ಚುರುಗುಟ್ಟಿತು. ಕಬ್ಬಿನ ಗಾಡಿಗಳನ್ನು ದಾಟುವಾಗ ಗಾಡಿಯವನೊಬ್ಬ, "ತುಳಿ ಕನವ್ವ, ತುಳಿ, ಆ ಮುಂದ್ಲವ್ಳ ಬುಡ್ಬ್ಯಾಡ!" ಎಂದು ಕೂಗಿದ. ಬಾಡಿಗೆ ಸೈಕಲ್ಲು ಗಾಳಿಯಲ್ಲಿ ತೇಲಿದಂತೆ ಹೋಗುತ್ತಿತ್ತು. ಪ್ರಮೀಳಳ ಬಿಳಿ ಶೂ ಹತ್ತಿರ ಹತ್ತಿರ ಬರುತ್ತಿದ್ದವು. ಇವಳನ್ನು ಹಿಡಿಯುತ್ತೇನೆ, ಹಿಡಿದೇ ಹಿಡಿಯುತ್ತೇನೆ ಎಂದು ಪ್ರತಿ ತುಳಿತಕ್ಕೂ ಹೇಳಿಕೊಂಡೆ.

ಮಾಂಬಳ್ಳಿ ದಾಟಿದ ಮೇಲೆ ಒಂದು ಏರಿನಲ್ಲಿ ಎದ್ದು ನಿಂತು ತುಳಿದೆ. ಕಟಕ್ಕೆಂದಿತು. ಪೆಡಲು ಗಿರ್ರನೆ ಸುಮ್ಮನೆ ತಿರುಗಿತು. ಚೈನು ಕಳಚಿತ್ತು.

ಇಳಿದು ಕೂತು ಹಾಕತೊಡಗಿದೆ. ಸಡಿಲ ಚೈನು, ಒಂದು ಕಡೆ ಕೂರಿಸಿದರೆ ಇನ್ನೊಂದು ಕಡೆ ಜಾರುತ್ತಿತ್ತು. ಕೈಯೆಲ್ಲ ಕಪ್ಪು ಗ್ರೀಸು. ಕಣ್ಣೊರೆಸಿಕೊಂಡು ಮುಖಕ್ಕೂ ಬಳಿದುಕೊಂಡೆ. ಅಷ್ಟರಲ್ಲಿ ಕೆಳಗಿನಿಂದ ಒಂದು ನೀಲಿ ಸೀರೆ ಏರು ಹತ್ತಿ ಬರುವುದು ಕಂಡಿತು. ಸದ್ಯ, ಅವ್ವ ಬಂದಳು, ಹಾಕಿಕೊಡುತ್ತಾಳೆ ಎಂದುಕೊಂಡೆ.

ಹತ್ತಿರ ಬಂದಳು. ತುರುಬು ಬಿಚ್ಚಿತ್ತು, ಕುಂಕುಮ ಬೆವರಿನಲ್ಲಿ ಕರಗಿ ಮೂಗಿನವರೆಗೆ ಇಳಿದಿತ್ತು.

"ಬಿದ್ಯಾ?"

"ಇಲ್ಲ ಕನವ್ವ, ಚೈನು!"

"ಆಕ್ಕಂಡ್ ಬಾ!"

ಬ್ರೇಕು ಹಿಡಿಯಲೇ ಇಲ್ಲ. ನನ್ನನ್ನು ದಾಟಿ ಹೋದಳು. "ಅವ್ವಾ!" ಎಂದು ಗಂಟಲು ಹರಿಯುವಂತೆ ಕಿರುಚಿದೆ. ತಿರುಗಿ ನೋಡಲಿಲ್ಲ. ಸೀಟಿನಿಂದ ಎದ್ದು, ಮೊಣಕೈ ಅಗಲಿಸಿ, ಇಡೀ ಮೈಯ ಭಾರವನ್ನು ಒಂದೊಂದು ಪೆಡಲಿನ ಮೇಲೂ ಹಾಕುತ್ತ ಏರು ಹತ್ತಿದಳು. ಬೆನ್ನಿಗೆ ಒದ್ದೆ ರವಿಕೆ ಅಂಟಿಕೊಂಡಿತ್ತು. ಮುದ್ದೆ ತಿರುವುವಾಗ, ಬಟ್ಟೆ ಒಗೆಯುವಾಗ ನಾನು ದಿನವೂ ನೋಡಿದ ಬೆನ್ನು ಅದು. ಅವತ್ತು ಯಾರದೋ ಅನ್ನಿಸಿತು.

ಹನೂರಿನ ಟೀಚರೂ "ಬಾಮ್ಮ, ಬಿಡಬೇಡ" ಎನ್ನುತ್ತ ದಾಟಿ ಹೋದರು. ನನಗೆ ಬಂದ ಸಿಟ್ಟಿಗೆ ಅಳು ನಿಂತುಹೋಯಿತು. ಒಂದು ಕಡ್ಡಿ ಮುರಿದು ಚೈನನ್ನು ಚಕ್ರದ ಹಲ್ಲಿಗೆ ಸಿಕ್ಕಿಸಿ, ಹತ್ತಿ ತುಳಿದೆ. ಈಗ ನನಗೆ ಪ್ರಮೀಳಳ ನೆನಪೇ ಇರಲಿಲ್ಲ. ಅವ್ವನನ್ನು ಹಿಡಿಯಬೇಕಿತ್ತು. ಸುವರ್ಣಾವತಿಯ ಸೇತುವೆಯ ಮೇಲೆ ಆ ನೀಲಿ ಒಂದು ಸಲ ಕಂಡಿತು, ಆಮೇಲೆ ಇಲ್ಲ. ಎದೆ ಉರಿಯುತ್ತಿತ್ತು. ಆದರೂ ನಿಲ್ಲಿಸಲಿಲ್ಲ.

ನಾನು ಯಳಂದೂರು ಮುಟ್ಟಿದಾಗ ಪ್ರಮೀಳಳ ಕೊರಳಲ್ಲಿ ಹಾರವಿತ್ತು. ಅವ್ವ ಮೋರಿಕಟ್ಟೆಯ ಮೇಲೆ ಕೂತು ಚೊಂಬಿನಲ್ಲಿ ನೀರು ಕುಡಿಯುತ್ತಿದ್ದಳು. ಟೀಚರ್ ಮೂರನೆಯವರು, ನಾನು ನಾಲ್ಕನೆಯವಳು. ಕೊಳ್ಳೇಗಾಲದ ಹುಡುಗಿ ಅರ್ಧದಲ್ಲೇ ಬಿಟ್ಟಿದ್ದಳು. ಅವ್ವನ ಹತ್ತಿರ ಹೋಗದೆ ದೂರದಲ್ಲಿ ನಿಂತೆ. ಅಷ್ಟರಲ್ಲಿ ಮೈಕಿನಲ್ಲಿ ಹೇಳಿದರು: "ದ್ವಿತೀಯ ಸ್ಥಾನ, ಮುಳ್ಳೂರಿನ ಶ್ರೀಮತಿ ಸಾಕಮ್ಮನವರು!"

ಅಷ್ಟು ಜನರ ನಡುವೆ, ಅಷ್ಟು ದೊಡ್ಡದಾಗಿ ಅವಳ ಹೆಸರನ್ನು ಯಾರೂ ಕರೆದಿರಲಿಲ್ಲ. ಅವ್ವ ಗಡಬಡಿಸಿ ಎದ್ದಳು. ಎತ್ತಿಕಟ್ಟಿದ ಸೀರೆ ಇಳಿಬಿಟ್ಟು, ಸೆರಗು ಹೊದ್ದು, ಎರಡೂ ಕೈಯಲ್ಲಿ ಪ್ರೆಶರ್ ಕುಕ್ಕರಿನ ಡಬ್ಬ ಇಸಿದುಕೊಂಡಳು. ಅವಳ ಮುಖದಲ್ಲಿ ಒಂದು ನಗುವಿತ್ತು. ಹಬ್ಬದ ದಿನವಾಗಲಿ, ಗೂಡಿಗೆ ಒಳ್ಳೆಯ ರೇಟು ಬಂದ ದಿನವಾಗಲಿ ನಾನು ಆ ನಗುವನ್ನು ನೋಡಿರಲಿಲ್ಲ.

ತಿರುಗಿ ಬರುವಾಗ ನಮ್ಮನ್ನೂ ಸೈಕಲ್ಲುಗಳನ್ನೂ ಒಂದು ಟೆಂಪೋಗೆ ಹತ್ತಿಸಿದರು. ಚೈನು ಕಳಚಿದ್ದ ಏರು ಹಿಂದಾಯಿತು. ಕೊನೆಗೆ ತಡೆಯಲಾರದೆ ಕೇಳಿದೆ.

"ಯಾಕವ್ವ ನಿಲ್ನಿಲ್ಲ?"

ಅವ್ವ ಸೆರಗಿನ ತುದಿಯಿಂದ ನನ್ನ ಮುಖದ ಗ್ರೀಸು ಒರೆಸಿದಳು. "ಇಬ್ರೂ ನಿಂತ್ಕಂಡಿದ್ರ ಸೈಕಲ್ ಯಾರ್ಗ್ ಬಂದದು? ನೀ ಇಲ್ದಿದ್ರ ನಾನಾರಾ ತರ್ಬೇಕಲ್ಲ." ಕುಕ್ಕರಿನ ಡಬ್ಬವನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಮೆಲ್ಲಗೆ, "ಆಮೇಕ್ ನಂಗ ನಿಲ್ಸಕ ಮನ್ಸ್ ಬರ್ನಿಲ್ಲ ಕನ್ ಮಗ" ಎಂದಳು.

ನಮಗಿಂತ ಮೊದಲೇ ಸುದ್ದಿ ಊರು ಸೇರಿತ್ತು. ಅಪ್ಪ ಕೋಲು ಊರಿಕೊಂಡು ಬಾಗಿಲಲ್ಲೇ ನಿಂತಿದ್ದ. "ಜನ್ರ ಮುಂದ ಸೀರ ಎತ್ಕಟ್ಕಂಡು ರೇಸ್ಗ್ ಓದ್ಯಂತೆ?"

"ಊಂ, ಓಗಿದ್ದಿ. ನಾನು ಎರಡ್ನೇದಾಗ್ ಬಂದಿ," ಎಂದು ಅವ್ವ ಕುಕ್ಕರನ್ನು ಅವನ ಮುಂದೆ ಇಟ್ಟಳು. "ಇವ್ಳ್ ಚೈನ್ ಕಳಚ್ಕಂಡ್ರೂ ಕೊನೆಗಂಟ ಬಂದ್ಲು. ಮುಂದಿನ್ ವರ್ಸ ಇವ್ಳು ಐಸ್ಕೂಲ್ಗ ಓಯ್ತಾಳ. ಸೈಕಲ್ ಇವ್ಳ್‌ಗೆ. ಸೊಪ್ಪ ನಾನು ತಲ ಮ್ಯಾಲ ತತ್ತೀನಿ."

"ಕತ್ತು ನೋಯ್ತದ ಅಂತಿದ್ದೆ?"

"ನೋಯ್ಲಿ."

ಅಪ್ಪ ಕುಕ್ಕರಿನ ಮುಚ್ಚಳ ತೆಗೆದು, ಒಳಗೆ ನೋಡಿ, ಮತ್ತೆ ಮುಚ್ಚಿದ. "ಓಗ್ಲಿ ಬುಡು" ಎಂದ.

ಹಾಗೆ ನಾನು ಹೈಸ್ಕೂಲಿಗೆ ಹೋದೆ, ಆಮೇಲೆ ಕಾಲೇಜಿಗೆ. ಈಗ ಯಳಂದೂರಿನ ಒಂದು ಶಾಲೆಯಲ್ಲಿ ಪಾಠ ಹೇಳುತ್ತೇನೆ. ಅದೇ ರಸ್ತೆಯಲ್ಲಿ ಓಡಾಡುತ್ತೇನೆ. ರಸ್ತೆ ಅಗಲವಾಗಿದೆ, ನೆರಳು ಕೊಡುತ್ತಿದ್ದ ಮರಗಳು ಹೋಗಿವೆ. ನಮ್ಮ ಕಡೆ ರೇಷ್ಮೆ ಸಾಕುವ ಮನೆಗಳು ಒಂದೊಂದಾಗಿ ಕಡಿಮೆಯಾದವು. ನಮ್ಮ ಮನೆಯಲ್ಲೂ ತಟ್ಟೆಗಳನ್ನು ಅಟ್ಟಕ್ಕೆ ಹಾಕಿಯಾಯಿತು. ಹೆಣ್ಣುಮಕ್ಕಳು ಸ್ಕೂಟಿಯಲ್ಲಿ ಬರ್ರನೆ ಹೋಗುತ್ತಾರೆ, ನೋಡಲು ಯಾರೂ ನಿಲ್ಲುವುದಿಲ್ಲ. ಅದು ಒಳ್ಳೆಯದೇ. ಲೆಕ್ಕ ಹಾಕಿದರೆ ಆ ದಿನ ಅವ್ವನಿಗೆ ಮೂವತ್ತು ದಾಟಿ ಸ್ವಲ್ಪವೇ ಆಗಿತ್ತು. ಇವತ್ತಿನ ನನಗಿಂತ ಎಷ್ಟೋ ಚಿಕ್ಕವಳು. ಅವಳು ತೀರಿಕೊಂಡ ಮೇಲೆ ಇದು ನನಗೆ ಹೊಳೆಯಿತು.

ಆ ಸ್ಪರ್ಧೆಯ ಮುಂದಿನ ವರ್ಷ ಸಂಘದವರು ರೇಸು ಇಡಲಿಲ್ಲ. ಅದರ ಮುಂದಿನ ವರ್ಷವೂ ಇಲ್ಲ. ರಾಜ್ಯೋತ್ಸವ ಹತ್ತಿರ ಬಂದಾಗಲೆಲ್ಲ, ನಾನು ಹೈಸ್ಕೂಲಿನಿಂದ ಬಂದು ಸೈಕಲ್ ನಿಲ್ಲಿಸುತ್ತಿದ್ದಂತೆ ಅವ್ವ ಒಳಗಿನಿಂದಲೇ ಕೇಳುತ್ತಿದ್ದಳು: "ಮಗಾ, ಈ ಸಲ ರೇಸ್ ಇದ್ದದಂತಾ?" ನಾನು ಪುಸ್ತಕದ ಚೀಲ ಇಳಿಸುತ್ತ, "ಇಲ್ವಂತ ಕನವ್ವ" ಎನ್ನುತ್ತಿದ್ದೆ. ಕೆಲವು ವರ್ಷ ಹೀಗೇ ಕೇಳಿದಳು. ಯಾವ ವರ್ಷದಿಂದ ಕೇಳುವುದನ್ನು ಬಿಟ್ಟಳೋ, ನನಗೆ ತಿಳಿಯಲಿಲ್ಲ.