ಫಿಟ್ಟರಮ್ಮ ಮೆಷಿನ್ ಬಿಚ್ಚಿದ ದಿನ

ಬಿಸ್ಕತ್ತು ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಫಿಟ್ಟರಮ್ಮ ಎಂದೇ ಕರೆಯುತ್ತಿದ್ದರು. ಸೇರಿದ್ದು ಕಸ ಗುಡಿಸುವ ಕೆಲಸಕ್ಕೆ. ಹಿಟ್ಟು ಕಲಸುವ ಯಂತ್ರ ಕೆಟ್ಟು ನಿಂತಾಗಲೆಲ್ಲ ಮೆಕ್ಯಾನಿಕ್ ಪಕ್ಕದಲ್ಲಿ ಪೊರಕೆ ಹಿಡಿದು ನಿಂತು, ನೋಡಿ ನೋಡಿಯೇ ಕಸುಬು ಕಲಿತರು. ನಾನು ಹನ್ನೊಂದು ವರ್ಷ ಅವರ ಎದುರಿನ ಸಾಲಿನಲ್ಲಿ ಪ್ಯಾಕಿಂಗ್ ಮಾಡಿದವಳು. ಯಂತ್ರ ಮೊಂಡು ಹಿಡಿದರೆ ತೋಳು ಮಡಚಿಕೊಂಡು ಬಂದು, "ಏನೇ, ಬೆಳಗ್ಗೆ ಬೆಳಗ್ಗೆನೇ ಮುನಿಸಾ?" ಎಂದು ಅದನ್ನೇ ಕೇಳುತ್ತಿದ್ದರು. ನಾವು ನಗುವಷ್ಟರಲ್ಲಿ ಅದು ಓಡುತ್ತಿತ್ತು.

ಒಂದು ಸಲ ಎರಡು ತಿಂಗಳು ಎಡಗೈಯನ್ನು ಕುತ್ತಿಗೆಗೆ ಕಟ್ಟಿಕೊಂಡು ಕೆಲಸಕ್ಕೆ ಬಂದರು. ಏಣಿಯಿಂದ ಬಿದ್ದೆ ಎಂದರು. ಫಿಟ್ಟರ್ ಏಣಿಯಿಂದ ಬಿದ್ದರೆ ಯಾರಿಗೆ ಅನುಮಾನ ಬರುತ್ತದೆ? ನಿಜ ಹೇಳಿದ್ದು ಗಂಡ ಸತ್ತು ಎಷ್ಟೋ ವರ್ಷಗಳ ಮೇಲೆ. ಲಾರಿಗೆ ಮೂಟೆ ಹೇರುತ್ತಿದ್ದ ಆ ಮನುಷ್ಯ ಅವರನ್ನು ನೆಲಕ್ಕೆ ಕೆಡವಿ, ಬೂಟುಗಾಲಿನಲ್ಲಿ ಒದ್ದು, ಎಡ ಹೆಗಲ ಮೂಳೆ ಮುರಿದಿದ್ದ. ಏಳು ವರ್ಷದ ಮಗ ಮೇಜಿನ ಕೆಳಗೆ ಕೂತು ಎಲ್ಲವನ್ನೂ ನೋಡಿದ್ದ.

ಆ ಮಗ ಬೆಳೆದು ಸೋಫಾ ಅಂಗಡಿಯಲ್ಲಿ ಸೇಲ್ಸ್‌ಮನ್ ಆದ. ಬೆಣ್ಣೆಯಂಥ ಮಾತು. ಮದುವೆಯಾದ ಹುಡುಗಿ ಶಾಲೆಯೊಂದರ ಲೈಬ್ರರಿಯಲ್ಲಿದ್ದಳು. ಎರಡು ಸಲ ಕೇಳಿದರೆ ಒಂದು ಸಲ ಉತ್ತರ ಕೊಡುವಷ್ಟು ಮೆದು. ನಿವೃತ್ತರಾದ ಫಿಟ್ಟರಮ್ಮ ಎರಡು ಬೀದಿ ಆಚೆ ಒಂದು ಕೋಣೆಯಲ್ಲಿ ಇದ್ದುಕೊಂಡು ಭಾನುವಾರ ಮಗನ ಮನೆಗೆ ಹೋಗಿ ಊಟ ಮಾಡಿ ಬರುತ್ತಿದ್ದರು.

ಒಂದು ಭಾನುವಾರ ಹೋದಾಗ ಮಗ ಕ್ಷೌರಕ್ಕೆ ಹೋಗಿದ್ದ. ಅಡುಗೆಮನೆಯ ಮೂಲೆಯಲ್ಲಿ ವಾಷಿಂಗ್ ಮೆಷಿನ್ ಹೊಟ್ಟೆ ತುಂಬ ಕೊಳಕು ನೀರು ಇಟ್ಟುಕೊಂಡು ನಿಂತಿತ್ತು.

"ನಾಲ್ಕು ದಿನ ಆಯ್ತು ಅತ್ತೆ, ನೀರೇ ಹೋಗ್ತಿಲ್ಲ," ಎಂದಳು ಸೊಸೆ. "ಹೊರಗಿನವ್ರನ್ನ ಕರೀಬೇಡ ಅಂದಿದ್ದಾರೆ ಇವ್ರು."

"ಹೊರಗಿನವ್ರು ಯಾಕೆ? ನಾನು ಸತ್ತಿದ್ದೀನಾ?" ಎಂದು ಫಿಟ್ಟರಮ್ಮ ತಮ್ಮ ಕೋಣೆಗೆ ಹೋಗಿ ಚೀಲ ತಂದರು. ಸ್ಕ್ರೂಡ್ರೈವರ್, ಇಕ್ಕಳ, ಕಾರ್ಖಾನೆ ಬಿಡುವಾಗ ಜೊತೆಯವರು ಕೊಟ್ಟಿದ್ದ ಮೊಳದುದ್ದದ ಪೈಪ್ ಸ್ಪ್ಯಾನರ್.

ಪ್ಲಗ್ ಕಿತ್ತರು. ಕೆಳಗಿನ ಪುಟ್ಟ ಮುಚ್ಚಳ ತೆಗೆದು, ತಟ್ಟೆ ಇಟ್ಟು, ಫಿಲ್ಟರನ್ನು ತಿರುವಿದರು. ಬೂದುಬಣ್ಣದ ನೀರು ನಾಲ್ಕು ತಟ್ಟೆ ತುಂಬಿ ನೆಲಕ್ಕೂ ಹರಿಯಿತು. ಫಿಲ್ಟರಿಗೆ ಕೂದಲಿನ ಉಂಡೆ ಸುತ್ತಿಕೊಂಡಿತ್ತು. ಅದರ ಹಿಂದೆ ನೀರು ತಳ್ಳುವ ಪಂಪಿನ ಪುಟ್ಟ ರೆಕ್ಕೆಗೆ ಏನೋ ಸಿಕ್ಕಿಕೊಂಡಿತ್ತು. ಇಕ್ಕಳ ಹಾಕಿ ಎಳೆದರು.

ಹಲ್ಲು. ಬೇರಿನ ಸಮೇತ ಬಂದ ದೊಡ್ಡವರ ಹಲ್ಲು.

ಮೂರು ವಾರದ ಹಿಂದೆ ಸೊಸೆಯ ಕೆನ್ನೆ ಊದಿತ್ತು. ಡಾಕ್ಟರು ಹಲ್ಲು ಕಿತ್ತರು ಎಂದಿದ್ದಳು. ಫಿಟ್ಟರಮ್ಮ ನಂಬಿದ್ದರು. ಏಣಿಯಿಂದ ಬಿದ್ದೆ ಎಂದು ಊರಿಗೆಲ್ಲ ನಂಬಿಸಿದ್ದ ಹೆಂಗಸು ಅದನ್ನು ನಂಬಿದ್ದರು.

"ಡಾಕ್ಟರು ಹಲ್ಲು ಕಿತ್ತು ಮೆಷಿನ್‌ಗೆ ಹಾಕ್ತಾರೇನಮ್ಮಾ?"

ಸೊಸೆ ಬಾಯಿಗೆ ಕೈ ಅಡ್ಡ ಹಿಡಿದಳು. "ಬಟ್ಟೆ ಹಾಕ್ತಿದ್ದೆ ಅತ್ತೆ. ಹಿಂದಿನಿಂದ ಬಂದ್ರು. ಎಲ್ಲಿ ಬಿತ್ತು ಅಂತ ಗೊತ್ತಾಗ್ಲಿಲ್ಲ. ಆಮೇಲೆ ಹುಡುಕಿದೆ, ಸಿಗ್ಲಿಲ್ಲ."

ಅಷ್ಟರಲ್ಲಿ ಮಗ ಬಂದ. ನೆಲದ ನೀರು, ಚೀಲ, ತಾಯಿಯ ಅಂಗೈ, ಎಲ್ಲದರ ಮೇಲೂ ಕಣ್ಣು ಹಾಯಿಸಿ ನಕ್ಕ.

"ಏನಮ್ಮಾ, ರಿಟೈರ್ ಆದ್ಮೇಲೂ ಡ್ಯೂಟೀನಾ?"

"ಇದೇನೋ?"

"ಅವ್ಳನ್ನೇ ಕೇಳು. ಕಾಲು ಜಾರಿ ಬಿದ್ಲು."

"ಬಿದ್ದಿಲ್ಲ," ಎಂದಳು ಸೊಸೆ. ಗಂಡನ ಎದುರು ಅವಳು ಯಾರೂ ಕೇಳದೆಯೇ ಬಾಯಿ ಬಿಟ್ಟಿದ್ದು ಅದೇ ಮೊದಲು.

ಮಗನ ಮುಖದಲ್ಲಿ ನಗು ಹಾಗೇ ಇತ್ತು. ಆ ನಗುವಿನಲ್ಲೇ ಹೆಂಡತಿಯ ಕೂದಲು ಹಿಡಿದು ಮೆಷಿನ್ನಿನ ಅಂಚಿಗೆ ತಲೆ ಚಚ್ಚಿದ. ಒಂದು ಸಲ, ಎರಡು ಸಲ. ತಗಡು ಡಬ್ಬದಂತೆ ಸದ್ದು ಮಾಡಿತು. ಹುಬ್ಬು ಸೀಳಿ ರಕ್ತ ಬಿಳಿ ಬಣ್ಣದ ಮೇಲೆ ಇಳಿಯಿತು. ಫಿಟ್ಟರಮ್ಮ ಅವನ ತೋಳಿಗೆ ಜೋತುಬಿದ್ದರು. ಅವನು ಕೊಡವಿದ ರಭಸಕ್ಕೆ ಒದ್ದೆ ನೆಲದಲ್ಲಿ ಜಾರಿ ಅಂಗಾತ ಬಿದ್ದರು. ಮಗ ತಿರುಗಿ ತಾಯಿಯ ಪಕ್ಕೆಗೆ ಒದ್ದ.

"ನಿನ್ನಿಂದಾನೇ ಎಲ್ಲಾ!" ಎಂದ.

"ನಂಗೆ ಉಸಿರು ಸಿಕ್ಕಿಕೊಳ್ತು," ಎಂದು ಅವರು ಮುಂದೆ ನನಗೆ ಹೇಳಿದರು. "ಆದ್ರೆ ನೋವಿಗಲ್ಲ ಕಣೆ. ಅದು ಅವ್ರಪ್ಪನ ಮಾತು. ಅದೇ ಧ್ವನಿ. ನಲವತ್ತು ವರ್ಷ ಹಲ್ಲು ಕಚ್ಚಿಕೊಂಡು ಬದುಕಿದ್ದು ಇದನ್ನ ಇನ್ನೊಂದ್ಸಲ ಕೇಳೋದಕ್ಕಾ ಅನ್ನಿಸ್ತು."

ಅವನು ಮತ್ತೆ ಹೆಂಡತಿಯ ಕತ್ತಿಗೆ ಕೈ ಹಾಕಿದ. ಫಿಟ್ಟರಮ್ಮನ ಕೈಗೆ ಸ್ಪ್ಯಾನರ್ ಸಿಕ್ಕಿತು. ಮಲಗಿದಲ್ಲಿಂದಲೇ ಎರಡೂ ಕೈಯಿಂದ ಬೀಸಿದರು. ಮಂಡಿಯ ಚಿಪ್ಪು ಒಡೆದ ಸದ್ದು ಸೊಸೆಗೂ ಕೇಳಿಸಿತಂತೆ. ಅವನು ಕೊಳಕು ನೀರಿನಲ್ಲಿ ಕುಸಿದು, "ಅಮ್ಮಾ!" ಎಂದು ಕಿರುಚಿದ, ಕಿರುಚುತ್ತಲೇ ಸೊಸೆಯ ಪಾದ ಹಿಡಿದು ಎಳೆದ. ಫಿಟ್ಟರಮ್ಮ ಎದ್ದು ಕೂತರು. ಅವನ ಬಲಗೈ ಗುರಿ ನೋಡಿ ಮತ್ತೆ ಹೊಡೆದರು. ಬೆರಳುಗಳು ಬಿಟ್ಟವು.

ಮೂರನೆಯ ಪೆಟ್ಟಿಗೂ ಎತ್ತಿದ್ದರು. "ತಲೆಗೇ ಹೊಡೀತಿದ್ದೆ. ಸುಳ್ಳು ಯಾಕೆ ಹೇಳ್ಲಿ? ಪಕ್ಕೆ ಮುರಿದಿತ್ತು, ಕೈ ಮೇಲಕ್ಕೆ ಹೋಗ್ಲಿಲ್ಲ, ಅಷ್ಟೇ."

ಫೋನನ್ನು ಅವರೇ ಮಾಡಿದರು. "ನನ್ನ ಮಗನ ಕಾಲು, ಕೈ ಮುರಿದಿದ್ದೀನಿ. ಅವನು ಹೆಂಡ್ತಿ ತಲೆ ಒಡೆದಿದ್ದಾನೆ. ಆಂಬುಲೆನ್ಸೂ ಕಳ್ಸಿ, ಪೊಲೀಸ್ನೂ ಕಳ್ಸಿ."

ಸೊಸೆಯ ಹುಬ್ಬಿಗೆ ಟವೆಲ್ ಒತ್ತಿ ಕಟ್ಟಿ, ಬಾಗಿಲ ಬಳಿ ಕುರ್ಚಿ ಹಾಕಿ ಕೂರಿಸಿದರು. ಆಮೇಲೆ ಅವರು ಮಾಡಿದ್ದನ್ನು ಕೇಳಿ ಪೊಲೀಸರೇ ಬೆರಗಾದರಂತೆ. ಮಗ ನರಳುತ್ತ ಬಿದ್ದಿರುವಾಗಲೇ ಪಂಪಿನ ರೆಕ್ಕೆ ತಿರುಗುತ್ತದೆಯೇ ಎಂದು ಬೆರಳಿನಲ್ಲಿ ನೋಡಿ, ಫಿಲ್ಟರ್ ತೊಳೆದು ಕೂರಿಸಿ, ಮುಚ್ಚಳ ಹಾಕಿದರು. ಅರ್ಧ ಮಾಡಿದ ಕೆಲಸ ಬಿಟ್ಟು ಎದ್ದ ಅಭ್ಯಾಸವೇ ಅವರಿಗಿರಲಿಲ್ಲ. ಹಲ್ಲನ್ನು ಒಂದು ಲೋಟದಲ್ಲಿ ಹಾಕಿ ಇನ್ಸ್‌ಪೆಕ್ಟರ್ ಕೈಗೆ ಕೊಟ್ಟರು.

ಕೇಸು ಇಬ್ಬರ ಮೇಲೂ ಬಿತ್ತು. ಮಗನಿಗೆ ಎರಡು ವರ್ಷ ಜೈಲಾಯಿತು. ತಾಯಿಯನ್ನು ನ್ಯಾಯಾಧೀಶರು, "ನಿಮಗೆ ಪಶ್ಚಾತ್ತಾಪ ಇದೆಯಾ?" ಎಂದು ಕೇಳಿದರು.

"ಇದೆ ಸ್ವಾಮಿ. ಸ್ಪ್ಯಾನರ್ನ ನಲವತ್ತು ವರ್ಷ ಮುಂಚೆ ಎತ್ತಬೇಕಿತ್ತು. ಆಗ ಇವನು ಮೇಜಿನ ಕೆಳಗಿದ್ದ. ಅದನ್ನೂ ನೋಡಿರ್ತಿದ್ದ."

ಸೊಸೆ ಕಟಕಟೆಯಲ್ಲಿ ನಿಂತು ನಡೆದದ್ದನ್ನು ನಡೆದ ಹಾಗೆ ಹೇಳಿದ್ದರಿಂದ ಅವರನ್ನು ಎಚ್ಚರಿಕೆ ಕೊಟ್ಟು ಬಿಟ್ಟರು. ಅವಳು ಬೇರೆ ಊರಿನ ಶಾಲೆ ಸೇರಿದಳು. ಅತ್ತೆಗೆ ಫೋನು ಮಾಡುವುದಿಲ್ಲ. ಫಿಟ್ಟರಮ್ಮ ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ. "ನನ್ನ ಮುಖ ನೋಡಿದ್ರೆ ಅವನ ಮುಖ ನೆನಪಾಗತ್ತೆ ಅವ್ಳಿಗೆ. ಮೂಗು ಒಂದೇ ಅಲ್ವಾ?"

ಮಗ ಬಿಡುಗಡೆಯಾಗಿ ಬಂದ ಮೇಲೆ ಒಂದು ಮಧ್ಯಾಹ್ನ ಕೋಲೂರಿಕೊಂಡು ತಾಯಿಯ ಕೋಣೆಗೆ ಬಂದ. ನಾನೂ ಅಲ್ಲೇ ಇದ್ದೆ. ಫಿಟ್ಟರಮ್ಮ ಚಹಾ ಮಾಡಿ ಎದುರಿಗಿಟ್ಟರು. ಕಪ್ಪು ತೆಗೆದುಕೊಳ್ಳಲು ಅವನು ಕೈ ಚಾಚಿದ. ಸ್ವಲ್ಪ ಜೋರಾಗಿಯೇ ಚಾಚಿದ. ಫಿಟ್ಟರಮ್ಮನ ಮೈ ತಾನಾಗಿಯೇ ಹಿಂದಕ್ಕೆ ಸರಿದು, ಕುರ್ಚಿ ಗೋಡೆಗೆ ಬಡಿಯಿತು.

ಅವನು ಅದನ್ನು ನೋಡಿದ. ಕೈಯನ್ನು ಮೆಲ್ಲಗೆ ಮೇಜಿನ ಮೇಲೆ ಇಳಿಸಿದ. ನೆಟ್ಟಗಾಗದೆ ಉಳಿದ ಎರಡು ಬೆರಳು ಹಾಗೇ ಬಾಗಿದ್ದವು. ಬಹಳ ಹೊತ್ತಿನ ಮೇಲೆ, ತಾಯಿಗೆ ಕಾಣುವಂತೆ ನಿಧಾನವಾಗಿ ಕಪ್ಪೆತ್ತಿ, ಆರಿದ ಚಹಾ ಕುಡಿದು, ಎದ್ದು ಹೋದ.

ಮುಂದಿನ ತಿಂಗಳೂ ಬಂದ.