ಗ್ಯಾಸ್ ಅಲ್ಲದ ಹೊಟ್ಟೆನೋವು

ಮದುವೆಯಾದ ಎರಡನೇ ವರ್ಷ ನನ್ನ ಹೊಟ್ಟೆ ಉಬ್ಬತೊಡಗಿತು. ಬೆಳಿಗ್ಗೆ ಸರಿಯಿದ್ದ ಸೀರೆ ಮಧ್ಯಾಹ್ನಕ್ಕೆ ಬಿಗಿಯುತ್ತಿತ್ತು. ರಾಮದುರ್ಗದ ಬಟ್ಟೆ ಅಂಗಡಿಯೊಂದರಲ್ಲಿ ನಾನು ಸೀರೆ ತೋರಿಸುವ ಕೆಲಸಕ್ಕಿದ್ದೆ. ಗಿರಾಕಿ ಹೆಣ್ಣುಮಕ್ಕಳು ಹೊಟ್ಟೆ ನೋಡಿ ನಗುತ್ತಾ, "ಎಷ್ಟ ತಿಂಗಳಾತವಾ?" ಎನ್ನುತ್ತಿದ್ದರು.

ನಾನು ಬಸಿರಿರಲಿಲ್ಲ.

ಮೊದಲು ಉಬ್ಬರ, ಆಮೇಲೆ ಭೇದಿ. ಸಂಡಾಸಿಗೆ ಕೂತರೆ ಕರುಳು ಹಿಂಡಿದಂತಾಗಿ ಕಣ್ಣು ಕತ್ತಲೆ. ಅಂಗಡಿಯಲ್ಲಿ ಸಂಡಾಸು ಇರಲಿಲ್ಲ, ಬಸ್ ಸ್ಟ್ಯಾಂಡಿನವರೆಗೆ ನಡೆಯಬೇಕು. ಮುಟ್ಟಿನ ದಿನಗಳಲ್ಲಂತೂ ಉಪವಾಸವೇ ಮೇಲೆನಿಸುತ್ತಿತ್ತು.

"ಗ್ಯಾಸ್ ಐತಿ. ಖಾರ ಕಡಿಮಿ ಮಾಡ್ರಿ," ಅಂದರು ಊರಿನ ಡಾಕ್ಟರು. ಮುಟ್ಟಾದಾಗ ಹೆಚ್ಚು ಅಂದೆ. "ಅದು ಎಲ್ಲಾರಿಗೂ ಇರೂದ," ಅಂದರು. ಎಂಡೋಸ್ಕೋಪಿ ನಾರ್ಮಲ್ ಬಂತು. ಜೊತೆಗಿದ್ದ ಅತ್ತೆ, "ಮಕ್ಕಳಾಗಿಲ್ಲಂತ ಮನಸಿಗೆ ಹಚ್ಕೊಂಡಾಳ್ರಿ," ಅಂದರು. ಡಾಕ್ಟರು ತಲೆಯಾಡಿಸಿದರು. ನನ್ನ ಮಾತಿಗೆ ಆಡದ ತಲೆ.

ವರ್ಷಗಳು ಹೀಗೇ ಹೋದವು.

ಒಂದು ದಿನ ಸೀರೆ ಮಡಚುತ್ತಲೇ ಕುಸಿದು ಬಿದ್ದೆ. ನನ್ನ ಗಂಡ ಧಾರವಾಡಕ್ಕೆ ಕರೆದೊಯ್ದರು. ಅಲ್ಲಿನ ಲೇಡಿ ಡಾಕ್ಟರ್ ಹೊಟ್ಟೆ ಮುಟ್ಟುವ ಮೊದಲೇ ಕೇಳಿದರು: "ಸಂಡಾಸಕ್ಕ ಹೋದಾಗಿನ ಬ್ಯಾನಿ ಮುಟ್ಟಿನಾಗ ಹೆಚ್ಚಾಗತೈತೇನವಾ?"

ನನಗೆ ಅಳು ಬಂತು. ಉತ್ತರ ಕೊಟ್ಟವರು ಗಂಡ. "ಹೌದ್ರಿ ಮೇಡಂ. ಆ ದಿವಸ ಆಕಿ ಊಟಾನ ಮಾಡಂಗಿಲ್ರಿ."

ಅವರು ಗಮನಿಸಿದ್ದರೆಂದು ಅಂದೇ ತಿಳಿಯಿತು. ಗಮನಿಸಿಯೂ ಸುಮ್ಮನಿದ್ದರೆಂಬುದೂ.

ಎಂಆರ್‌ಐ, ಆಮೇಲೆ ಹೊಟ್ಟೆಗೆ ಸಣ್ಣ ತೂತು ಮಾಡಿ ನೋಡುವ ಲ್ಯಾಪರೊಸ್ಕೋಪಿ. ಎಂಡೋಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥದ್ದೇ ಹೊರಗೆ ಬೆಳೆದು ಕರುಳಿಗೂ ಅಂಡಾಶಯಕ್ಕೂ ಅಂಟಿಕೊಂಡಿತ್ತು. ಬಿಡಿಸಿದರು. ಒಂದು ಅಂಡಾಶಯ ಉಳಿಯಲಿಲ್ಲ. ಮಗುವಿನ ವಿಷಯ ಕೇಳಿದರೆ ಧಾರವಾಡದ ಡಾಕ್ಟರ್ "ನೋಡೋಣು" ಅನ್ನುತ್ತಾರೆ. ಮೊದಲೇ ಹಿಡಿದಿದ್ದರೆ ಏನು ಉಳಿಯುತ್ತಿತ್ತೋ ಯಾರೂ ಹೇಳುವುದಿಲ್ಲ, ನಾನೂ ಈಗ ಕೇಳುವುದನ್ನು ಬಿಟ್ಟಿದ್ದೇನೆ. ಹಾರ್ಮೋನ್ ಗುಳಿಗೆ ನುಂಗುತ್ತೇನೆ. ಕೆಲವು ದಿನ ಹೊಟ್ಟೆ ಈಗಲೂ ಉಬ್ಬುತ್ತದೆ.

ಮೊನ್ನೆ ಅತ್ತೆಯ ಬಿಪಿ ತೋರಿಸಲು ಊರಿನ ಡಾಕ್ಟರ ಹತ್ತಿರ ಹೋದೆವು. ನನ್ನ ಆಪರೇಷನ್ ಸುದ್ದಿ ಅವರಿಗೆ ಮುಟ್ಟಿತ್ತು. "ಇಂಥಾದ್ದು ಭಾಳ ಅಪರೂಪ ಬಿಡವಾ," ಅಂದರು.

"ನನಗ ತಿಂಗಳಾ ತಿಂಗಳಾ ಬರತಿತ್ರಿ, ಸರ್," ಅಂದೆ.

ಅವರು ಬಿಪಿ ಪಟ್ಟಿ ಸುತ್ತಿಡುತ್ತಾ ಕೂತರು.

ಹೊರಗೆ ಬಂದ ಮೇಲೆ ಅತ್ತೆ ಚಹಾದಂಗಡಿ ಮುಂದೆ ನಿಂತು, "ಚಾ ಕುಡೀತಿಯೇನು? ಹೊಟ್ಟಿಗೆ ಆಗತೈತಿಲ್ಲೋ?" ಅಂದರು. ಮಗುವಿನ ಮಾತಿಲ್ಲದೆ ಅವರು ನನ್ನ ಹೊಟ್ಟೆಯನ್ನು ವಿಚಾರಿಸಿದ್ದು ಅದೇ ಮೊದಲು.

ಕುಡಿದೆ. ಅವತ್ತು ನೋವಾಗಲಿಲ್ಲ.